ಶೇಷ ಮೂರು

ನೀಲಾಂಬಿಕಾ ಮೆಣಸಿನಕಾಯಿ ಎಂಬ ನರ್ಸಮ್ಮನ ಕೈ ಮಧ್ಯಾಹ್ನ ಎರಡರಿಂದ ಐದರವರೆಗೆ ಮಾತ್ರ ನಡುಗುತ್ತಿತ್ತು. ಬೆಳಗ್ಗೆ ರೊಟ್ಟಿ ಬಡಿಯುವಾಗ ಇಲ್ಲ, ಸಂಜೆ ಕಸೂತಿ ಹಾಕುವಾಗ ಇಲ್ಲ, ತುಂಬಿದ ಚಹಾದ ಕಪ್ಪನ್ನು ಅತ್ತೆಯ ಕೈಗೆ ಕೊಡುವಾಗಂತೂ ಇಲ್ಲವೇ ಇಲ್ಲ. ಇಷ್ಟು ಕೇಳಿದ ಮೇಲೆ ಯಾರಿಗಾದರೂ ಅನುಮಾನ ಬರಬೇಕು, ಹೌದಲ್ಲ? ಆಕೆಯ ಗಂಡ ಬಸವಂತನಿಗೆ ಏಳು ತಿಂಗಳು ಬರಲಿಲ್ಲ. ಅವನು ಕಂಟ್ರೋಲ್ ರೂಮಿನ ಮನುಷ್ಯ. ಪರದೆಯ ಮೇಲೆ ಹಸಿರು ಕಂಡರೆ ಲೋಕವೆಲ್ಲ ಹಸಿರು ಎಂದು ನಂಬಿ ಎಂಟು ವರ್ಷ ಸಂಬಳ ತೆಗೆದುಕೊಂಡವನು.

ಮುಟ್ಟುವುದನ್ನೂ ತಂತಿಯ ಮೇಲೆ ಕಳಿಸಬಹುದು ಎಂದು ಗೊತ್ತಾಗಿ ಆ ಹೊತ್ತಿಗೆ ಹತ್ತು ವರ್ಷವಾಗಿತ್ತು. ಮಾತು ಹೋಗುತ್ತದೆ, ಚಿತ್ರ ಹೋಗುತ್ತದೆ, ಸ್ಪರ್ಶ ಯಾಕೆ ಹೋಗಬಾರದು ಎಂದು ಯಾರೋ ಹಠ ಹಿಡಿದು ಒಂದು ಕೈಗವಸು ಮಾಡಿದರು. ಧಾರವಾಡದ ಮನೆಯಲ್ಲಿ ನರ್ಸಮ್ಮ ಅದನ್ನು ತೊಟ್ಟು ಬೆರಳು ಒತ್ತಿದರೆ, ಬೀದರ ಕಡೆಯ ಯಾವುದೋ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಒಂದು ಯಂತ್ರದ ಕೈ ರೋಗಿಯ ತೋಳಿನ ಮೇಲೆ ಅಷ್ಟೇ ಒತ್ತುತ್ತಿತ್ತು. ಆ ತೋಳಿನ ಬಿಸಿ, ಚರ್ಮದ ಕೆಳಗೆ ಜಾರುವ ರಕ್ತನಾಳ, ಎಲ್ಲವೂ ಮರಳಿ ಆಕೆಯ ಬೆರಳಿಗೆ ತಿಳಿಯುತ್ತಿತ್ತು. ಸ್ಪರ್ಶಜಾಲ ಎಂಬ ಸಂಸ್ಥೆ ಇದನ್ನು ನಡೆಸುತ್ತಿತ್ತು. ನರ್ಸುಗಳೇ ಇಲ್ಲದ ಊರುಗಳಿಗೆ ನರ್ಸುಗಳು ಸಿಕ್ಕರು. ಮನೆ ಬಿಟ್ಟು ದೂರದ ಊರಿಗೆ ಹೋಗಲಾರದ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಕೆಲಸ ಸಿಕ್ಕಿತು.

ಒಂದೇ ಒಂದು ಕರಾರು. ಮಾತು ಅರೆಕ್ಷಣ ತಡವಾದರೆ ಯಾರಿಗೂ ನಷ್ಟವಿಲ್ಲ. ಸ್ಪರ್ಶ ಒಮ್ಮೆ ಬೇಗ ಒಮ್ಮೆ ತಡವಾಗಿ ತಲುಪಿದರೆ ಆ ಕಡೆಯ ಯಂತ್ರದ ಕೈ ನಡುಗುತ್ತದೆ, ಸೂಜಿ ನಾಳ ತಪ್ಪುತ್ತದೆ. ಅದಕ್ಕೇ ಯಂತ್ರವೇ ಪ್ರತಿ ನರ್ಸಿನ ನಡುಕವನ್ನು ಅಳೆದು ಅಂಕ ಹಾಕುತ್ತಿತ್ತು. ಅಂಕ ಮಿತಿ ಮೀರಿದರೆ ಸಂಸ್ಥೆಯ ಕಂಟ್ರೋಲ್ ರೂಮಿಗೆ ಪತ್ರ: ಸ್ಪರ್ಶ ಹೋಗುವ ತಂತಿಯ ದಾರಿ ಸರಿ ಇದೆಯೇ ನೋಡಿ. ದಾರಿ ಸರಿ ಇದೆ ಎಂದು ಅಲ್ಲಿಂದ ಸಹಿ ಬಿದ್ದರೆ, ಉಳಿದದ್ದೇನು? ಕೈ. ಮೂರು ತಪಾಸಣೆಯಲ್ಲಿ ಹೀಗಾದರೆ ಲೈಸೆನ್ಸು ರದ್ದು.

ಸೆಪ್ಟೆಂಬರಿನ ಒಂದು ಮಂಗಳವಾರ ನೀಲಾ ಒಬ್ಬ ಮುದುಕನ ತೋಳಿನಲ್ಲಿ ನಾಳ ಹುಡುಕುತ್ತಿದ್ದಳು. ನಾಳ ಬೆರಳಿಗೆ ಸ್ಪಷ್ಟವಾಗಿ ಸಿಕ್ಕಿತ್ತು. ಸೂಜಿ ಇಳಿಸಿದಳು. ಆ ಕಡೆಯ ಕೈ ಸಣ್ಣಗೆ ಕಂಪಿಸಿತು.

"ಅಯ್ಯವ್ವಾ!" ಎಂದ ಮುದುಕ. "ಸಿಸ್ಟರ್, ಮೂರನೇ ಸಲ ಚುಚ್ಚಾಕತ್ತೀರಿ. ಮುಂಚೆ ನಿಮ್ಮ ಕೈ ಅಂದ್ರ ಚುಚ್ಚಿದ್ದ ಗೊತ್ತಾಗ್ತಿರಲಿಲ್ಲ ನೋಡ್ರಿ."

"ತಪ್ಪಾತು ಅಜ್ಜಾರ," ಎಂದಳು ನೀಲಾ. ಕೈಗವಸು ಕಳಚಿ ಮೇಜಿನ ಮೇಲಿಟ್ಟು, ತನ್ನ ಬರಿಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕೈ ಅಲ್ಲಾಡುತ್ತಿರಲಿಲ್ಲ. ಆದರೂ ಆಕೆಗೆ ಅದರ ಮೇಲೆ ನಂಬಿಕೆ ಹೋಗಿತ್ತು.

ಅದೇ ದಿನ ಕೊನೆಯ ಪತ್ರ ಬಂತು. ಬರುವ ಸೋಮವಾರ ಮಧ್ಯಾಹ್ನ ಮೂರಕ್ಕೆ ಮೂರನೆಯ ತಪಾಸಣೆ. ಜೊತೆಗೆ ದಾರಿಯ ಸರ್ಟಿಫಿಕೇಟಿನ ಪ್ರತಿ: ದಾರಿ ಸ್ವಚ್ಛವಾಗಿದೆ. ಕೆಳಗಿನ ಸಹಿ, ಬಸವಂತ ಮೆಣಸಿನಕಾಯಿ.

ಹೆಂಡತಿಯ ಕೈಯ ಮೇಲೆ ಹೀಗೆ ಸಹಿ ಹಾಕುವಾಗ ಅವನಿಗೆ ಕರುಳು ಚುರ್ ಎನ್ನಲಿಲ್ಲವೇ ಎಂದರೆ, ಎನ್ನದೆ ಏನು! ಆದರೆ ಅವನಿಗೆ ಅದರಲ್ಲೇ ಒಂದು ಹೆಮ್ಮೆಯೂ ಇತ್ತು. ಹೆಂಡತಿ ಅಂತ ನಾನು ಮುಖ ನೋಡಲಿಲ್ಲ, ಎಲ್ಲರಿಗೂ ಹೇಗೋ ಆಕೆಗೂ ಹಾಗೆ, ಎಂದು ಕಂಟ್ರೋಲ್ ರೂಮಿನಲ್ಲಿ ಚಹಾ ಕುಡಿಯುತ್ತ ನಾಲ್ಕು ಮಂದಿಗೆ ಕೇಳುವಂತೆ ಹೇಳಿಕೊಂಡಿದ್ದ. ಮುಂದೆ ಈ ಮಾತು ನೆನಪಾದಾಗಲೆಲ್ಲ ಅವನಿಗೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಅವನ ಪರೀಕ್ಷೆಯ ರೀತಿ ಹೀಗಿತ್ತು. ಕಂಟ್ರೋಲ್ ರೂಮಿನ ಮೂಲೆಯಲ್ಲೊಂದು ಪರೀಕ್ಷೆಯ ಯಂತ್ರ. ದೂರು ಬಂದ ಹೊತ್ತಿಗೇ ಅದರಿಂದ, ಬೀದರ ಕಡೆಯ ಹಳ್ಳಿಗಳಿಗೆಲ್ಲ ಬಾಗಿಲಾದ ಕಲಬುರ್ಗಿಯ ರೌಟರಿಗೆ ಮಾಹಿತಿಯ ನೂರು ಸಣ್ಣ ಪೊಟ್ಟಣ ಕಳಿಸುವುದು. ನೂರೂ ಹೊತ್ತಿಗೆ ಸರಿಯಾಗಿ ಮರಳಿ ಬಂದರೆ ದಾರಿ ಸ್ವಚ್ಛ. ಇದಕ್ಕೆ ಅಲ್ಲಿಯವರು 'ನೂರು ತಟ್ಟುವುದು' ಎನ್ನುತ್ತಿದ್ದರು. ಬಸವಂತ ತಟ್ಟಿದ ನೂರರಲ್ಲಿ ಒಂದೂ ಎಂದೂ ತಡವಾಗಿರಲಿಲ್ಲ.

ಜೂನ್ ತಿಂಗಳಲ್ಲಿ ಒಬ್ಬ ನರ್ಸು ನೇರವಾಗಿ ಕಂಟ್ರೋಲ್ ರೂಮಿಗೇ ಫೋನ್ ಹಚ್ಚಿದ್ದಳು. ಮೆಹಬೂಬಿ ನದಾಫ ಎಂದು ಹೆಸರು. ನೀಲಾಳ ಜೊತೆ ಒಂದೇ ಬ್ಯಾಚಿನಲ್ಲಿ ತರಬೇತಿ ಪಡೆದವಳು, ಎರಡು ಓಣಿ ಆಚೆ ಮನೆ. ಆ ದಿನ ಫೋನ್ ಎತ್ತಿದವನು ಬಸವಂತ. ತಾನು ಯಾರು ಎಂದು ಹೇಳಲಿಲ್ಲ, ಅವನ ದನಿ ಎಂದೂ ಕೇಳಿರದ ಅವಳಿಗೂ ಗೊತ್ತಾಗಲಿಲ್ಲ.

"ಸರ್, ಲೈನಿನ್ಯಾಗ ಏನೋ ಐತ್ರಿ. ಇದು ನನ್ನ ಕೈ ಅಲ್ರಿ. ನನ್ನ ಕೈ ನನಗ ಗೊತ್ತಿಲ್ಲೇನ್ರಿ?"

"ಅಮ್ಮಾರ, ನೂರು ತಟ್ಟೀನಿ, ನೂರೂ ಬಂದಾವ."

"ಇನ್ನೊಮ್ಮೆ ನೋಡ್ರಿ ಸರ್, ಕೈ ಮುಗೀತೀನಿ. ಇದ ಹೋತು ಅಂದ್ರ ನನಗ ಬ್ಯಾರೆ ಕೆಲಸ ಗೊತ್ತಿಲ್ಲ."

"ಎಷ್ಟ್ ಸಲ ನೋಡಿದ್ರೂ ಅಷ್ಟರೀ. ಲೈನ್ ನೋಡೂದು ಬಿಟ್ಟು ನಿಮ್ಮ ಕೈ ನೋಡ್ಕೊಳ್ರಿ," ಎಂದು ಇಟ್ಟುಬಿಟ್ಟ. ಆ ತಿಂಗಳೇ ಅವಳ ಲೈಸೆನ್ಸು ರದ್ದಾಯಿತು. ಹಾಗೆ ರದ್ದಾದವರು ಒಟ್ಟು ಹನ್ನೊಂದು ಮಂದಿ.

ಮನೆಯಲ್ಲಿ ಬಸವಂತನ ತಾಯಿ ಗೌರವ್ವ ಮಾತ್ರ ಇದ್ಯಾವುದನ್ನೂ ಒಪ್ಪಿರಲಿಲ್ಲ. ಪತ್ರ ಬಂದ ಮಂಗಳವಾರ ಸಂಜೆ ಆಕೆ ಸೊಸೆ ಕಸೂತಿ ಹಾಕುತ್ತಿದ್ದ ಇಳಕಲ್ ಸೀರೆಯನ್ನು ಮಗನ ತೊಡೆಯ ಮೇಲೆ ತಂದು ಎಸೆದಳು.

"ನೋಡು ಇದನ್ನ. ಎಳಿ ಎಣಿಸಿ ಹಾಕಿದ್ದು. ಒಂದ ಒಂದು ಎಳಿ ಆಚೀಚೆ ಆದ್ರ ತೇರೂ ಡೊಂಕು, ಆನೀನೂ ಡೊಂಕು. ಗಂಟಿಲ್ಲ, ಹಿಂದೂ ಮುಂದೂ ಒಂದ. ಏಳು ತಿಂಗಳಿಂದ ಹಾಕಾಕತ್ತಾಳ. ನಡಗೋ ಕೈ ಇದನ್ನ ಹಾಕತಾವೇನೋ, ಬಸು?"

"ಅವ್ವಾ, ಅದು ಬ್ಯಾರೆ, ಇದು ಬ್ಯಾರೆ. ಅಲ್ಲಿ ಯಂತ್ರ ಅಳೀತೈತಿ. ಕಣ್ಣಿಗೆ ಕಾಣದಷ್ಟು ಸಣ್ಣ ನಡುಕ ಇರ್ತೈತಿ."

"ಕಣ್ಣಿಗೆ ಕಾಣದ ನಡುಕ, ಮುದುಕನ ಕೈಗೆ ಮೂರು ಸಲ ಚುಚ್ಚೂವಷ್ಟು ದೊಡ್ಡದಾತೇನು?"

ಬಸವಂತ ನಕ್ಕುಬಿಟ್ಟ. ಮುದುಕಿಯ ಜೊತೆ ಏನು ವಾದ ಎನ್ನುವ ನಗು ಅದು. ನೀಲಾ ಸೀರೆಯನ್ನು ಮಡಚಿ ಒಳಗಿಟ್ಟಳು. "ಬಿಡ್ರಿ ಅತ್ತಿ," ಎಂದಳು, "ಡಾಕ್ಟರ್ ಗುಳಿಗಿ ಕೊಟ್ಟಾರ. ತಗೊಳ್ಳಾಕತ್ತೀನಿ." ನಡುಕಕ್ಕೆಂದು ಕೊಡುವ, ನಾಡಿಯನ್ನು ನಿಧಾನ ಮಾಡುವ ಗುಳಿಗೆ ಅದು.

ಇನ್ನೊಂದು ಸಂಗತಿ ಹೇಳಲೇಬೇಕು, ಹೇಳುವುದಕ್ಕೆ ನನಗೇ ಸಂಕೋಚ. ಬಸವಂತನಿಗೆ ಸಕ್ಕರೆ ಕಾಯಿಲೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ರಕ್ತ ಕೊಡಬೇಕು. ಮದುವೆಯಾದಾಗಿನಿಂದ ಅವನ ರಕ್ತ ತೆಗೆದವಳು ನೀಲಾ ಒಬ್ಬಳೇ, ಅಡುಗೆಮನೆಯ ಕಟ್ಟೆಯ ಹತ್ತಿರ ನಿಲ್ಲಿಸಿಕೊಂಡು, ಮಾತಾಡುತ್ತ ಮಾತಾಡುತ್ತ. ಈ ಸಲ ಆಕೆ ಸಿರಿಂಜು ತಂದು ನಿಂತಾಗ ಅವನು ಅಂಗಿಯ ತೋಳು ಇಳಿಸಿಕೊಂಡು, "ಬ್ಯಾಡ ಬಿಡು, ಆಮ್ಯಾಲೆ ಲ್ಯಾಬಿನ್ಯಾಗ ಕೊಡ್ತೀನಿ," ಎಂದಿದ್ದ. ಆಕೆ ಸಿರಿಂಜನ್ನು ಡಬ್ಬಿಗೆ ಹಾಕಿದ್ದಳು. ಲ್ಯಾಬಿಗೆ ಅವನು ಹೋಗಲೂ ಇಲ್ಲ.

ಗುರುವಾರ ಬಸವಂತ ರಜೆ ಹಾಕಿ ಮನೆಯಲ್ಲಿದ್ದ. ಮಧ್ಯಾಹ್ನ ಮೂರಕ್ಕೆ ನೀಲಾ ಎರಡು ಸಲ ನಾಳ ತಪ್ಪಿಸಿ, ಕೈಗವಸು ಕಳಚಿ, ಅತ್ತು ಬಚ್ಚಲಮನೆಗೆ ಹೋದಳು. ಗೌರವ್ವ ಮಗನ ಮುಂದೆ ಬಂದು ನಿಂತಳು.

"ನೀ ಪರೀಕ್ಷೆ ಮಾಡಿದ್ದು ಎಲ್ಲಿ ಕುಂತು?"

"ಆಫೀಸಿನ್ಯಾಗ."

"ಆಕಿ ಕೆಲಸ ಮಾಡೂದು ಎಲ್ಲಿ ಕುಂತು? ಇಲ್ಲಿ. ಮತ್ತ ಇಲ್ಲಿ ಕುಂತು ಒಮ್ಮೆರ ನೋಡೀಯೇನು?"

ಬಸವಂತ ಬಾಯಿ ತೆರೆದ. ತಾಯಿಗೆ ತಿಳಿಸಿ ಹೇಳೋಣ ಎಂದು ತೆರೆದ ಬಾಯಿ ಅದು. ಯಾಕೆ ಹಾಗೆ ನೋಡುವ ಅಗತ್ಯವಿಲ್ಲ ಎನ್ನುವುದಕ್ಕೆ ಅವನಿಗೊಂದು ಕಾರಣ ಬೇಕಿತ್ತು. ಆ ಕಾರಣ ಹುಡುಕುತ್ತ ಹೋದಂತೆ, ಅಂಥದ್ದೊಂದು ಇಲ್ಲವೆಂದು ಅವನಿಗೇ ತಿಳಿಯುತ್ತ ಬಂತು.

ಧಾರವಾಡದಿಂದ ಕಲಬುರ್ಗಿಗೆ ಸ್ಪರ್ಶಜಾಲದ ದಾರಿ ಒಂದಲ್ಲ, ನಾಲ್ಕು. ವಿಜಯಪುರದ ಮೇಲೊಂದು, ರಾಯಚೂರಿನ ಮೇಲೊಂದು, ಸೊಲ್ಲಾಪುರದ ಮೇಲೊಂದು, ಲಿಂಗಸುಗೂರಿನ ಮೇಲೊಂದು. ಧಾರವಾಡದ ರೌಟರು ಪ್ರತಿ ಪೊಟ್ಟಣಕ್ಕೆ ಒಂದು ಲೇಬಲ್ ಅಂಟಿಸಿ ಬಿಡುತ್ತದೆ. ನಡುವಿನ ರೌಟರುಗಳು ಅದು ಯಾರದು, ಕೊನೆಗೆ ಎಲ್ಲಿಗೆ ಎಂದು ಕೇಳುವುದಿಲ್ಲ. ಲೇಬಲ್ ನೋಡುತ್ತವೆ, ಅದನ್ನು ಬದಲಿಸಿ ಮುಂದಕ್ಕೆ ತಳ್ಳುತ್ತವೆ. ಹಾಗಾಗಿ ಯಾವ ದಾರಿ ಎನ್ನುವುದು ಧಾರವಾಡದ ಬಾಗಿಲಲ್ಲೇ ತೀರ್ಮಾನ. ನಾಲ್ಕೂ ದಾರಿಯ ದರ್ಜೆ ಒಂದೇ ಆದಾಗ ರೌಟರು ಏನು ಮಾಡಬೇಕು? ಸರದಿಯ ಪ್ರಕಾರ ಹಂಚುವಂತಿಲ್ಲ. ಒಂದೇ ಮನೆಯ ಪೊಟ್ಟಣಗಳು ನಾಲ್ಕು ದಿಕ್ಕಿಗೆ ಹೋದರೆ ಹಿಂದಿನದು ಮುಂದಾಗಿ, ಮುಂದಿನದು ಹಿಂದಾಗಿ ತಲುಪುತ್ತವೆ. ಅದಕ್ಕೆ ಅದು ಒಂದು ಲೆಕ್ಕ ಹಾಕುತ್ತದೆ. ಕಳಿಸುವವರ ವಿಳಾಸ, ತಲುಪಬೇಕಾದ ಕಲಬುರ್ಗಿಯ ವಿಳಾಸ ಎರಡನ್ನೂ ಕಲಸಿ ಒಂದು ಸಂಖ್ಯೆ ಮಾಡಿ, ನಾಲ್ಕರಿಂದ ಭಾಗಿಸಿ ಶೇಷ ನೋಡುತ್ತದೆ. ಸೊನ್ನೆ ಉಳಿದರೆ ಮೊದಲನೆಯ ದಾರಿ, ಒಂದು ಉಳಿದರೆ ಎರಡನೆಯದು, ಮೂರು ಉಳಿದರೆ ನಾಲ್ಕನೆಯದು. ವಿಳಾಸ ಬದಲಾಗದಿದ್ದರೆ ಶೇಷವೂ ಬದಲಾಗುವುದಿಲ್ಲ. ಇವತ್ತು ನಾಲ್ಕನೆಯ ದಾರಿಗೆ ಬಿದ್ದ ಮನೆ ನಾಳೆಯೂ ಅದಕ್ಕೇ ಬೀಳುತ್ತದೆ, ವರ್ಷಗಟ್ಟಲೆ ಅದಕ್ಕೇ ಬೀಳುತ್ತದೆ.

ಇದು ಗುಟ್ಟೇನಲ್ಲ. ಹೊಸದಾಗಿ ಸೇರಿದವರಿಗೆ ಬಸವಂತನೇ ಇದನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದ.

ಅವನು ನೀಲಾಳ ಮೇಜಿಗೆ ಕೂತು, ಆಕೆಯ ಯಂತ್ರದಿಂದಲೇ ನೂರು ತಟ್ಟಿದ. ನೂರೂ ಮರಳಿದವು, ಒಂದೂ ಕಳೆದಿರಲಿಲ್ಲ. ಆದರೆ ಹನ್ನೆರಡು ತಡವಾಗಿದ್ದವು. ಇನ್ನೊಮ್ಮೆ ತಟ್ಟಿದ. ಹದಿನಾಲ್ಕು. ಪೇಪರಿನ ಅಂಚಿನಲ್ಲಿ ಆಕೆಯ ವಿಳಾಸ ಬರೆದು ಕೈಯಿಂದ ಲೆಕ್ಕ ಹಾಕಿದ. ಶೇಷ ಮೂರು. ಕಂಟ್ರೋಲ್ ರೂಮಿನ ಪರೀಕ್ಷೆಯ ಯಂತ್ರದ ವಿಳಾಸ ಅವನಿಗೆ ಬಾಯಿಪಾಠ. ಶೇಷ ಒಂದು. ಅಂದರೆ ಆ ಯಂತ್ರದಿಂದ ನೂರಲ್ಲ, ನೂರು ಕೋಟಿ ಪೊಟ್ಟಣ ಕಳಿಸಿದರೂ ಎಲ್ಲ ರಾಯಚೂರಿನ ಮೇಲೇ ಹೋಗಿ ರಾಯಚೂರಿನ ಮೇಲೇ ಬರುತ್ತವೆ. ಏಳು ತಿಂಗಳು ಅವನು ಒಂದೇ ದಾರಿಯನ್ನು ತಟ್ಟಿ ನಾಲ್ಕು ದಾರಿಗೆ ಸಹಿ ಹಾಕಿದ್ದ.

ನಾಲ್ಕನೆಯ ದಾರಿಯನ್ನು ಫೆಬ್ರುವರಿಯಲ್ಲಿ ಕೂಡಿಸಿದವನೂ ಅವನೇ. ಹೊಸ ದಾರಿಗೆ ಅದರದೇ ಲೇಬಲ್ ಕಟ್ಟಿ, ಎರಡು ದಿನ, ಬೆಳಗ್ಗೆ ಮಧ್ಯಾಹ್ನ ಪರೀಕ್ಷೆ ಮಾಡಬೇಕು ಎಂಬುದು ನಿಯಮ. ಅಂದು ಶನಿವಾರ. ಬೇಸರ ಬಂದು, ನೂರು ತಟ್ಟಿ, 'ನಾಲ್ಕೂ ದಾರಿ ಪರೀಕ್ಷಿಸಲಾಗಿದೆ' ಎಂದು ಬರೆದು ಮನೆಗೆ ಬಂದಿದ್ದ. ಲಿಂಗಸುಗೂರಿನ ರೌಟರಿನಲ್ಲಿ ಒಂದು ಸರ್ಕ್ಯೂಟ್ ಕಾರ್ಡು ಮಧ್ಯಾಹ್ನ ಬಿಸಿಯೇರಿದಾಗ ಆಗೊಂದು ಈಗೊಂದು ಪೊಟ್ಟಣವನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿದಿಟ್ಟು ಬಿಡುತ್ತಿತ್ತು. ಏನೂ ಕಳೆಯುತ್ತಿರಲಿಲ್ಲ. ಹಾಗಾಗಿ ಯಾವ ದೀಪವೂ ಕೆಂಪಾಗಲಿಲ್ಲ.

ನೀಲಾ ಮುಖ ತೊಳೆದು ಬಂದಳು. "ಏನ್ ನೋಡಾಕತ್ತೀರಿ?" ಎಂದಳು.

"ಏನಿಲ್ಲ. ಸುಮ್ನ," ಎಂದ ಬಸವಂತ. ಪೇಪರಿನ ಅಂಚು ಹರಿದು ಕಿಸೆಗೆ ಹಾಕಿಕೊಂಡ.

ಆಗಲೇ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ಅವನೂ ಒಂದಿಷ್ಟು ಮನುಷ್ಯನಾಗಿ ಉಳಿಯುತ್ತಿದ್ದ. ಅವನು ಮಾಡಿದ್ದು ಬೇರೆ. ಶುಕ್ರವಾರ ಆಫೀಸಿಗೆ ಹೋಗಿ, ಧಾರವಾಡದ ರೌಟರಿಗೆ ಒಂದೇ ಒಂದು ಸಾಲಿನ ಆಜ್ಞೆ ಕೊಟ್ಟ: ಈ ಒಂದು ವಿಳಾಸಕ್ಕೆ ಲೆಕ್ಕ ಬೇಡ, ಸದಾ ಮೊದಲನೆಯ ದಾರಿ. ಹೆಂಡತಿಯ ಮನೆ ಒಂದನ್ನೇ ಎತ್ತಿ ವಿಜಯಪುರದ ಮೇಲೆ ಹಾಕಿದ. ಉಳಿದವರನ್ನು ಅಲ್ಲೇ ಬಿಟ್ಟ. ಸೋಮವಾರ ಒಂದು ಮುಗಿಯಲಿ, ಆಮೇಲೆ ಸದ್ದಿಲ್ಲದೆ ಕಾರ್ಡು ಬದಲಿಸಿದರಾಯಿತು, ಯಾರಿಗೆ ಗೊತ್ತಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸೋಮವಾರ ನೀಲಾ ಹತ್ತು ತೋಳಿಗೆ ಹತ್ತು ಸೂಜಿ ಹಾಕಿದಳು. ಹತ್ತೂ ಒಂದೇ ಏಟಿಗೆ. ನಡುಕದ ಅಂಕ ಸೊನ್ನೆಯ ಹತ್ತಿರ. ತಪಾಸಣೆಯವರು ಪರದೆಯ ಮೇಲೆ ಬಂದು, "ಗುಳಿಗಿ ಛಲೋ ಹತ್ತ್ಯಾವ ನೋಡ್ರಿ ಸಿಸ್ಟರ್," ಎಂದರು. ನೀಲಾ ಕುರ್ಚಿಯಿಂದೆದ್ದು ಅತ್ತೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಗೌರವ್ವ ಅಂದು ಮಾದಲಿ ಮಾಡಿದಳು. ತುಪ್ಪ, ಬೆಲ್ಲ, ಗಸಗಸೆ, ಯಾವುದಕ್ಕೂ ಕೈ ಹಿಡಿಯಲಿಲ್ಲ.

"ಇವತ್ತೊಂದಿನ ಸಕ್ರಿ ಮಾತು ಬ್ಯಾಡ, ಇನ್ನೊಂಚೂರು ಹಾಕ್ಲೇನ್ರಿ?" ಎಂದು ನೀಲಾ ಗಂಡನ ತಾಟಿಗೆ ಬಡಿಸಿದಳು. ಏಳು ತಿಂಗಳಲ್ಲಿ ಆಕೆ ಹಾಗೆ ನಕ್ಕದ್ದೇ ಇಲ್ಲ. ಬಸವಂತ ತಲೆ ತಗ್ಗಿಸಿ ತಿಂದ. ಎಷ್ಟು ಹಾಕಿದರೂ ತಿಂದ. ಬೇಡ ಎನ್ನಲು ತಲೆ ಎತ್ತಬೇಕಾಗುತ್ತಿತ್ತು.

ಮರುದಿನ ಆಕೆ ಮಾದಲಿಯ ಡಬ್ಬಿ ಹಿಡಿದು ಮೆಹಬೂಬಿಯ ಮನೆಗೆ ಹೋದಳು. ಸಂಜೆ ಬಂದು ಖುಷಿಯಿಂದ ಹೇಳಿದಳು: "ಆಕಿಗೂ ಡಾಕ್ಟರ್ ಇದ ಗುಳಿಗಿ ಕೊಟ್ಟಿದ್ರು, ಬಿಟ್ಟ ಬಿಟ್ಟಿದ್ಲಂತರೀ! ತಲಿ ತಿರಗತೈತಿ ಅಂತ. ನಾ ಬೈದು ಬಂದೆ. ನೋಡು, ನನಗ ಹೆಂಗ ಹತ್ತ್ಯಾವ, ನೀನೂ ತಗೋ, ಕೈ ಸರಿ ಆಕತಿ, ಮತ್ತ ಅರ್ಜಿ ಹಾಕೂಣಂತ ಅಂದೆ. ಒಪ್ಪಿದ್ಲು."

ಬಸವಂತನ ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಹೇಳಿದರೆ ನಿನ್ನೆಯ ಅಂಕ, ಆ ನಗು, ಅವ್ವನ ಮಾದಲಿ, ಎಲ್ಲ ಸುಳ್ಳೆಂದು ಹೇಳಬೇಕು. ನಾಳೆ ಹೇಳೋಣ ಎಂದುಕೊಂಡ.

ಎರಡು ನಾಳೆ ಹೋದವು. ಶುಕ್ರವಾರ ಬೆಳಗ್ಗೆ ಮೆಹಬೂಬಿಯ ಗಂಡನ ಫೋನ್ ಬಂತು. ಗುಳಿಗೆಯಿಂದ ನಾಡಿ ತೀರ ಇಳಿದು, ನೀರು ತುಂಬುತ್ತಿದ್ದವಳು ಕಣ್ಣು ಕತ್ತಲೆ ಬಂದು ಬಿದ್ದು, ಹಣೆಗೆ ಆರು ಹೊಲಿಗೆ ಬಿದ್ದಿವೆ, ಆಸ್ಪತ್ರೆಯಲ್ಲಿದ್ದಾಳೆ, ಜೀವಕ್ಕೇನೂ ಇಲ್ಲ ಎಂದ.

ನೀಲಾ ಫೋನ್ ಇಟ್ಟು ನೆಲದ ಮೇಲೆ ಕುಳಿತುಬಿಟ್ಟಳು. "ನಾನ ಹೇಳಿದ್ನಲ್ಲರೀ. ಬಿಟ್ಟಾಕಿನ್ನ ನಾನ ಬೈದು ಮತ್ತ ತಗೊಳ್ಳಾಕ ಹಚ್ಚಿದೆ. ಯಾವ ಬಾಯಿಲೆ ಹೇಳಿದ್ನೋ ಏನೋ!"

ಆಗ ಬಸವಂತ ಹೇಳಿದ. ನಿಂತುಕೊಂಡೇ ಹೇಳಿದ, ಗೋಡೆ ನೋಡಿಕೊಂಡು. ನಾಲ್ಕು ದಾರಿ, ಶೇಷ ಮೂರು, ಲಿಂಗಸುಗೂರಿನ ಕಾರ್ಡು, ಶನಿವಾರದ ಬೇಸರ, ನೂರು ತಟ್ಟಿದ್ದು, ಶುಕ್ರವಾರದ ಒಂದು ಸಾಲು. ಗೌರವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

ಎಲ್ಲ ಮುಗಿದ ಮೇಲೆ ನೀಲಾ ಕೇಳಿದ್ದು ಒಂದೇ: "ಸೋಮವಾರ ಮಾದಲಿ ತಿನ್ನೂಮುಂದ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ನಾ ಮೆಹಬೂಬಿ ಮನಿಗೆ ಹೋಗಿಬಂದು ಹೇಳಿದಾಗ?"

"ಗೊತ್ತಿತ್ತು, ನೀಲಾ."

ಆಕೆ ಎದ್ದಳು. ಒಳಗೆ ಹೋಗಿ ಕೈಗವಸು ತಂದು ಅವನ ಮುಂದಿಟ್ಟಳು. "ಇದನ್ನ ಆಫೀಸಿಗೆ ಒಯ್ಯಿರಿ. ಹನ್ನೊಂದೂ ಮಂದಿಗೆ ಲೈಸೆನ್ಸ್ ವಾಪಸ್ ಬರೂತನಕ ನಾ ಇದನ್ನ ತೊಡೂದಿಲ್ಲ. ಸೋಮವಾರದ ತಪಾಸಣೆ ಸುಳ್ಳು, ರದ್ದು ಮಾಡ್ರಿ ಅಂತ ನಾನೂ ಬರದ ಕೊಡ್ತೀನಿ." ಗೌರವ್ವ ಮಗನ ಕಡೆ ನೋಡಲೂ ಇಲ್ಲ. ಬಸವಂತನಿಗೆ ಅಷ್ಟು ವಯಸ್ಸಿನಲ್ಲಿ, ತಾಯಿಯ ಎದುರು, ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ ಎನ್ನಿಸುವಷ್ಟು ನಾಚಿಕೆಯಾಯಿತು.

ಕಂಟ್ರೋಲ್ ರೂಮಿನ ಮುಖ್ಯಸ್ಥರು ಹೆಬ್ಬಳ್ಳಿ ಸಾಹೇಬರು. ನಿವೃತ್ತಿಗೆ ಎಂಟು ತಿಂಗಳಿದ್ದ ಮನುಷ್ಯ. ಎಲ್ಲ ಕೇಳಿ ಬಾಗಿಲು ಹಾಕಿಸಿದರು.

"ಕಾರ್ಡ್ ಇವತ್ತ ಬದಲಿ ಮಾಡಸೂಣು. ನಾಳಿಂದ ನಾಲ್ಕೂ ದಾರಿ ಬ್ಯಾರೆ ಬ್ಯಾರೆ ತಟ್ಟೂಣು. ಮುಗೀತಲ್ಲ? ಹಳೇ ಸರ್ಟಿಫಿಕೇಟ್ ಯಾಕ ಕೆದಕ್ತಿ, ಮಾರಾಯಾ? ನಿನ್ನ ಸಹಿ ಅದಾವ ಅದರ ಮ್ಯಾಲೆ."

ಸುಳ್ಳು ಯಾಕೆ ಹೇಳಲಿ, ಬಸವಂತನ ಮನಸ್ಸು ಅರೆಗಳಿಗೆ ಆ ಕಡೆ ವಾಲಿತು. ಕುರ್ಚಿ ಸರಿಸಿ ಎದ್ದೂಬಿಟ್ಟಿದ್ದ. ಆದರೆ ಕೈಚೀಲದಲ್ಲಿ ನೀಲಾಳ ಕೈಗವಸು ಇತ್ತು. ಅದನ್ನು ಮನೆಗೆ ಮರಳಿ ಒಯ್ದು ಏನೆಂದು ಹೇಳುವುದು?

"ನನ್ನ ಸಹಿ ಅದಾವಂತನ ಕೆದಕಾಕ ಬಂದೀನ್ರಿ ಸರ್," ಎಂದ. ಕೂತು ಬರೆದ. ಏಳು ತಿಂಗಳಲ್ಲಿ ತಾನು ಕೊಟ್ಟ ಎಲ್ಲ ಸರ್ಟಿಫಿಕೇಟುಗಳೂ ಒಂದೇ ದಾರಿಯ ಪರೀಕ್ಷೆಯ ಮೇಲೆ ಕೊಟ್ಟವು, ಆದ್ದರಿಂದ ಸುಳ್ಳು. ಹನ್ನೊಂದು ಹೆಸರು. ಪ್ರತಿ ಹೆಸರಿನ ಮುಂದೆ ವಿಳಾಸ, ಅದರ ಮುಂದೆ ಶೇಷ. ಮೂರು, ಮೂರು, ಮೂರು, ಮೂರು. ಹನ್ನೊಂದೂ ಮೂರೇ. ಕೊನೆಯಲ್ಲಿ, ತನ್ನ ಹೆಂಡತಿಯ ಮನೆಯ ದಾರಿಯನ್ನು ಗುಟ್ಟಾಗಿ ಬದಲಿಸಿದ್ದನ್ನೂ ಬರೆದ. ಆ ಸಾಲು ಬರೆಯಲು ಅವನಿಗೆ ಉಳಿದ ಎರಡು ಪುಟಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅದೇ ವಾರ ಅವನನ್ನು ಕಂಟ್ರೋಲ್ ರೂಮಿನಿಂದ ತೆಗೆದು ವಿಚಾರಣೆಗೆ ಹಾಕಿದರು. ಪೇಪರಿನಲ್ಲಿಯೂ ಬಂತು.

ಮೂರು ವಾರದ ಮೇಲೆ ಹನ್ನೊಂದು ಲೈಸೆನ್ಸುಗಳೂ ಮರಳಿದವು. ಅಂದು ಮಧ್ಯಾಹ್ನ ನೀಲಾ ಗಂಡನಿಗೆ, "ನಡೀರಿ," ಎಂದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಆಕೆಯ ಕೈಯಲ್ಲಿ ಸಿರಿಂಜಿನ ಡಬ್ಬಿ ಇತ್ತು.

ಮೆಹಬೂಬಿ ಬಾಗಿಲು ತೆರೆದಳು. ಹಣೆಯ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಒಳಗೆ ಕರೆದು ಕೂಡಿಸಿದಳು, ನೀರು ಕೊಟ್ಟಳು. ಬಸವಂತ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ.

"ನನ್ನ ತಪ್ಪು," ಎಂದ. ಅಷ್ಟೇ ಬಂತು.

ಅವನ ದನಿ ಕೇಳಿ ಮೆಹಬೂಬಿ ಖಾಲಿ ಲೋಟ ಹಿಡಿದಿದ್ದ ಹಾಗೇ ನಿಂತಳು. "ಜೂನ್‌ದಾಗ ನಾ ಫೋನ್ ಹಚ್ಚಿದ್ದೆ. ನಿಮ್ಮ ಕೈ ನೋಡ್ಕೊಳ್ರಿ ಅಂದಿದ್ರು ಒಬ್ರು. ನೀವ ಏನ್ರಿ ಅವ್ರು?"

"ನಾನ."

"ನೀಲಕ್ಕಾ, ನಿನಗ ಗೊತ್ತಿತ್ತೇನ?"

ನೀಲಾ ಇಲ್ಲವೆಂದು ತಲೆಯಾಡಿಸಿದಳು. ಆಕೆಗೂ ಅದು ಆಗಲೇ ಗೊತ್ತಾದದ್ದು. ಗಂಡ ಹೇಳಿದ್ದರಲ್ಲಿ ಆ ಫೋನ್ ಇರಲಿಲ್ಲ. ಅದೊಂದನ್ನು ಅವನು ಬಿಟ್ಟಿದ್ದ. ಬಸವಂತ ಹೆಂಡತಿಯ ಮುಖ ನೋಡುವ ಧೈರ್ಯ ಮಾಡಲಿಲ್ಲ.

"ಆವತ್ತಿಂದ ನಾ ಕೈನ ನೋಡಾಕತ್ತೀನ್ರಿ," ಎಂದಳು ಮೆಹಬೂಬಿ. "ಮುಂಜಾನೆ ಎದ್ದ ಕೂಡ್ಲೆ ನೋಡ್ತೀನಿ, ಉಣ್ಣೂಮುಂದ ನೋಡ್ತೀನಿ. ಲೈಸೆನ್ಸ್ ಬಂತು ಖರೆ. ಇನ್ನೊಬ್ರ ತೋಳಿಗೆ ಸೂಜಿ ಇಡಾಕ ಈಗ ಭಯ ಆಕತಿ."

ನೀಲಾ ಡಬ್ಬಿಯನ್ನು ಮೆಹಬೂಬಿಯ ಮುಂದೆ ಸರಿಸಿದಳು.

"ಇವರ ಸಕ್ರಿ ಪರೀಕ್ಷೆ ಬಾಕಿ ಉಳಿದೈತಿ," ಎಂದಳು. "ಮೊದಲು ಇವರದ ತಗಿ. ತಪ್ಪಿದ್ರೂ ತಪ್ಲಿ, ಚುಚ್ಚಿಸ್ಕೊಳ್ಲಿ."

ಬಸವಂತ ತಾನೇ ಅಂಗಿಯ ತೋಳು ಮಡಚಿ ಕೈ ಚಾಚಿದ. ಮೆಹಬೂಬಿ ಬಹಳ ಹೊತ್ತು ಆ ಕೈಯನ್ನು ನೋಡಿದಳು. ಕೈ ತೊಳೆದು ಬಂದಳು, ಪಟ್ಟಿ ಕಟ್ಟಿದಳು, ಹತ್ತಿಯಿಂದ ಒರೆಸಿದಳು. ಬೆರಳು ನಾಳ ಹುಡುಕುತ್ತ ಹೋಗಿ ಒಂದು ಕಡೆ ನಿಂತಿತು. ಸಿರಿಂಜು ಹಿಡಿದ ಅವಳ ಕೈ ಕಲ್ಲಿನಂತೆ ಸ್ಥಿರವಾಗಿತ್ತು. ಅವಳೂ ಅದನ್ನು ನೋಡಿಕೊಂಡಳು. ಮತ್ತೊಮ್ಮೆ ನೋಡಿಕೊಂಡಳು. ಕಣ್ಣಲ್ಲಿ ನೀರು ತುಂಬಿದರೂ ಕೈ ಕದಲಲಿಲ್ಲ. ಆದರೂ ಸೂಜಿ ಇಳಿಸದೆ ತಡೆದಳು.

"ಸರ್," ಎಂದಳು ಮೆಹಬೂಬಿ ಮೆಲ್ಲಗೆ, "ಕೈ ಗಟ್ಟಿ ಹಿಡೀರಿ. ನಿಮ್ದು ನಡಗಾಕತ್ತೈತಿ."